ಹೊಟ್ಟೆಯೊಳಗೊಂದು ಹೊಲಿಗೆ

ಮಕ್ಕಳೇ, 1868ರಲ್ಲಿ ಜರ್ಮನಿಯ ಫ್ರೈಬರ್ಗ್‌ನಲ್ಲಿ ಅಡಾಲ್ಫ್ ಕುಸ್‌ಮೌಲ್ ಎಂಬ ವೈದ್ಯರಿದ್ದರು. ಬದುಕಿರುವ ಮನುಷ್ಯನ ಜಠರದೊಳಗೆ ಇಣುಕಿ ನೋಡಬೇಕೆಂಬುದು ಅವರ ಆಸೆ. ಆದರೆ ಉದ್ದನೆಯ, ನೆಟ್ಟಗಿನ ಲೋಹದ ಕೊಳವೆಯನ್ನು ಗಂಟಲಿಗೆ ಇಳಿಸಿಕೊಳ್ಳಲು ಯಾರು ತಾನೇ ಒಪ್ಪುತ್ತಾರೆ? ಕತ್ತಿ ನುಂಗುವ ಆಟ ಆಡಿ ಹೊಟ್ಟೆ ಹೊರೆಯುತ್ತಿದ್ದ ಒಬ್ಬನನ್ನು ಅವರು ಕರೆಸಿದರು. ಕತ್ತಿಯನ್ನೇ ನುಂಗುವವನಿಗೆ ಕೊಳವೆ ಯಾವ ಲೆಕ್ಕ! ಅದು ಸಲೀಸಾಗಿ ಇಳಿಯಿತು. ಆದರೆ ಆ ಕಾಲದ ದೀಪದ ಬೆಳಕು ಅಷ್ಟು ಆಳಕ್ಕೆ ಸಾಲದೆ, ಹೆಚ್ಚೇನೂ ಕಾಣಲಿಲ್ಲ.

ಬಳುಕುವ ಕೊಳವೆಯಲ್ಲಿ ಬೆಳಕು ಸಾಗಿಸುವ ದಾರಿ ತೆರೆದವರಲ್ಲಿ ನಮ್ಮ ದೇಶದವರೊಬ್ಬರಿದ್ದಾರೆ. ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ, ಲಂಡನ್ನಿನಲ್ಲಿ ತಮ್ಮ ಗುರು ಹೆರಾಲ್ಡ್ ಹಾಪ್‌ಕಿನ್ಸ್ ಜೊತೆ ಸೇರಿ, ಕೂದಲೆಳೆಯಂಥ ಗಾಜಿನ ನೂಲುಗಳ ಕಟ್ಟಿನ ಮೂಲಕ ಚಿತ್ರವನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಕಳಿಸಬಹುದೆಂದು 1954ರಲ್ಲಿ ತೋರಿಸಿದರು. ಅದನ್ನು ಓದಿದ ಬೇಸಿಲ್ ಹಿರ್ಷೋವಿಟ್ಸ್ ಎಂಬ ವೈದ್ಯರು ಅಮೆರಿಕದ ಮಿಷಿಗನ್‌ನಲ್ಲಿ ಅಂಥದ್ದೇ ನೂಲುಗಳಿಂದ ಬಳುಕುವ ಎಂಡೋಸ್ಕೋಪ್, ಅಂದರೆ ದೇಹದೊಳಗೆ ಇಣುಕಿ ನೋಡುವ ಕೊಳವೆ, ಮಾಡಿದರು. 1957ರಲ್ಲಿ ಮೊದಲು ಅದನ್ನು ನುಂಗಿದವರು ಯಾರು ಗೊತ್ತೇ? ಅವರೇ!

ಇಂದಿನ ಎಂಡೋಸ್ಕೋಪಿನ ತುದಿಯಲ್ಲಿ ಪುಟಾಣಿ ಕ್ಯಾಮೆರಾ, ಬೆಳಕು ಎರಡೂ ಇರುತ್ತವೆ. ಅದು ಬರೀ ನೋಡುವುದಿಲ್ಲ. ಸೂಜಿ ಹಿಡಿದು ಹೊಲಿಯುವ ಉಪಕರಣವನ್ನು ಅದರ ತುದಿಗೆ ಜೋಡಿಸಬಹುದು. ಹೊಟ್ಟೆಯ ಮೇಲೆ ಒಂದು ಗೀರೂ ಬೀಳದಂತೆ, ಬಾಯಿಯ ಮೂಲಕವೇ ಇಳಿದು ಜಠರಕ್ಕೆ ಹೊಲಿಗೆ ಹಾಕಿ ಬರಬಹುದು.

ಜಠರಕ್ಕೆ ಹೊಲಿಗೆ ಯಾಕಪ್ಪಾ ಎನ್ನುತ್ತೀರಿ.

ಜಠರ ಎಂದರೆ ನಾವು ನುಂಗಿದ ಅನ್ನ ಹೋಗಿ ಸೇರುವ, ಸ್ನಾಯುಗಳಿಂದಾದ ಚೀಲ. ಎಡಗಡೆಯ ಪಕ್ಕೆಲುಬಿನ ಕೆಳಗೆ ಅದರ ಜಾಗ. ದೊಡ್ಡವರಲ್ಲಿ ಖಾಲಿಯಿದ್ದಾಗ ಅದು ಮುದುಡಿಕೊಂಡಿರುತ್ತದೆ. ಹಬ್ಬದೂಟ ಮಾಡಿದಾಗ ಹಿಗ್ಗಿ ಒಂದು ಲೀಟರಿಗಿಂತ ಹೆಚ್ಚು ಹಿಡಿಸಿಕೊಳ್ಳುತ್ತದೆ. ಹಿಗ್ಗಿದ ಕೂಡಲೇ ಅದರ ಗೋಡೆಯ ನರಗಳು ಮಿದುಳಿಗೆ ‘ಇನ್ನು ಸಾಕು’ ಎಂದು ಸುದ್ದಿ ಕಳಿಸುತ್ತವೆ. ‘ಹಸಿವು’ ಎಂದು ಹೇಳಿ ಕಳಿಸುವುದೂ ಹೆಚ್ಚಾಗಿ ಜಠರವೇ. 1999ರಲ್ಲಿ ಜಪಾನಿನ ವಿಜ್ಞಾನಿಗಳಾದ ಮಸಯಾಸು ಕೊಜಿಮಾ ಮತ್ತು ಕೆಂಜಿ ಕಂಗಾವ ಗ್ರೆಲಿನ್ ಎಂಬ ಹಾರ್ಮೋನನ್ನು ಕಂಡುಹಿಡಿದರು. ಜಠರದಲ್ಲಿ, ಅದರಲ್ಲೂ ಮೇಲ್ಭಾಗದ ಗುಮ್ಮಟದಲ್ಲಿ ಹೆಚ್ಚಾಗಿ ಹುಟ್ಟುವ ಈ ರಾಸಾಯನಿಕ, ರಕ್ತದಲ್ಲಿ ಸಾಗಿ ಮಿದುಳಿನಲ್ಲಿ ಹಸಿವನ್ನು ಎಬ್ಬಿಸುತ್ತದೆ.

ಕೆಲವರ ದೇಹದ ತೂಕ ತುಂಬಾ ಹೆಚ್ಚಿ, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಂಡಿನೋವು, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಎಲ್ಲ ಅಂಟಿಕೊಳ್ಳುತ್ತವೆ. ‘ಕಡಿಮೆ ತಿಂದರಾಯಿತಪ್ಪ’ ಎಂದು ಹೇಳುವವರು ಬಹಳ ಜನ. ಆ ಮಾತು ನನಗೆ ಬೇಸರ ತರುತ್ತದೆ, ಏಕೆಂದರೆ ಅದು ಪೂರ್ತಿ ನಿಜವಲ್ಲ. ಅಮೆರಿಕದ ಸಿಯಾಟಲ್‌ನ ಸಂಶೋಧಕರು 2002ರಲ್ಲಿ ಒಂದು ಸಂಗತಿ ಪ್ರಕಟಿಸಿದರು: ಪಥ್ಯ ಮಾಡಿ ತೂಕ ಇಳಿಸಿದವರ ರಕ್ತದಲ್ಲಿ ಗ್ರೆಲಿನ್ ಮೊದಲಿಗಿಂತ ಹೆಚ್ಚಾಗಿತ್ತು. ಅಂದರೆ ತೂಕ ಇಳಿದಷ್ಟೂ ದೇಹವೇ ಹಸಿವನ್ನು ಜೋರು ಮಾಡಿ, ಕಳೆದುಕೊಂಡದ್ದನ್ನು ಮರಳಿ ಪಡೆಯಲು ಹೆಣಗುತ್ತದೆ. ಇದು ಸೋಮಾರಿತನವಲ್ಲ. ನಿಮ್ಮ ತರಗತಿಯಲ್ಲಿ ಯಾರನ್ನಾದರೂ ‘ಡುಮ್ಮ’, ‘ಡುಮ್ಮಿ’ ಎಂದು ಕೂಗುತ್ತಿದ್ದರೆ ಇದನ್ನು ನೆನಪಿಡಿ.

ಇಂಥ ಹೆಣಗಾಟದಲ್ಲಿ ಸೋತ ದೊಡ್ಡವರಿಗೆ ವೈದ್ಯರು ಜಠರವನ್ನು ಕಿರಿದು ಮಾಡುವ ದಾರಿ ತೋರಿಸುತ್ತಾರೆ. ಹಬ್ಬಕ್ಕೆ ಹೊಲಿಸಿದ ಲಂಗ ದೊಡ್ಡದಾಯಿತು ಅನ್ನಿ. ಹೆಚ್ಚಿನ ಬಟ್ಟೆಯನ್ನು ಕತ್ತರಿಸಿ ತೆಗೆಯಬಹುದು. ಅಥವಾ ಕತ್ತರಿ ಮುಟ್ಟದೆ ಒಳಗೆ ಮಡಚಿ ಹೊಲಿಗೆ ಹಾಕಬಹುದು. ಜಠರಕ್ಕೂ ಈ ಎರಡು ದಾರಿಗಳಿವೆ.

ಕತ್ತರಿಸುವುದು ಶಸ್ತ್ರಚಿಕಿತ್ಸೆ. ಹೊಟ್ಟೆಯ ಮೇಲೆ ನಾಲ್ಕೈದು ಸಣ್ಣ ತೂತುಗಳನ್ನು ಮಾಡಿ, ಅವುಗಳ ಮೂಲಕ ಕ್ಯಾಮೆರಾ ಮತ್ತು ಉಪಕರಣಗಳನ್ನು ಇಳಿಸುತ್ತಾರೆ. ಟೈಟೇನಿಯಂ ಲೋಹದ ಪುಟ್ಟ ಪಿನ್ನುಗಳ ಸಾಲು ಹೊಡೆಯುತ್ತಾ ಜಠರವನ್ನು ಉದ್ದುದ್ದಕ್ಕೆ ಕತ್ತರಿಸುತ್ತಾರೆ. ಸುಮಾರು ಮುಕ್ಕಾಲು ಭಾಗ ದೇಹದಿಂದ ಹೊರಗೆ ಬರುತ್ತದೆ. ಉಳಿಯುವುದು ಕಿರಿದಾದ ಕೊಳವೆಯಂಥ ಜಠರ. ಇದಕ್ಕೆ ಸ್ಲೀವ್ ಶಸ್ತ್ರಚಿಕಿತ್ಸೆ ಎನ್ನುತ್ತಾರೆ. ತೆಗೆದದ್ದನ್ನು ಮರಳಿ ಜೋಡಿಸಲಾಗದು.

ಮಡಚಿ ಹೊಲಿಯುವುದು ಎಂಡೋಸ್ಕೋಪಿಯ ದಾರಿ. ರೋಗಿಗೆ ಪೂರ್ತಿ ಅರಿವಳಿಕೆ ಕೊಟ್ಟು, ಬಾಯಿಯಿಂದ ಎಂಡೋಸ್ಕೋಪ್ ಇಳಿಸಿ, ಜಠರದ ಗೋಡೆಗಳನ್ನು ಎಳೆದು ಒಂದಕ್ಕೊಂದು ಹೊಲಿಯುತ್ತಾರೆ. ಏನನ್ನೂ ಹೊರಗೆ ತೆಗೆಯುವುದಿಲ್ಲ. ಹಲವರು ಅದೇ ದಿನ ಅಥವಾ ಮಾರನೆಯ ದಿನ ಮನೆಗೆ ಹೋಗುತ್ತಾರೆ. ಹೊಲಿಗೆ ಸಡಿಲವಾದರೆ ಮತ್ತೆ ಬಿಗಿ ಮಾಡಬಹುದು, ಬೇಕಾದರೆ ಮುಂದೆ ಶಸ್ತ್ರಚಿಕಿತ್ಸೆಯನ್ನೂ ಮಾಡಿಸಬಹುದು. ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಈಗ ಎರಡೂ ನಡೆಯುತ್ತವೆ.

ಹೊರಗಿನಿಂದ ನೋಡಿದರೆ ಎರಡರ ಫಲವೂ ಒಂದೇ, ಜಠರ ಕಿರಿದಾಯಿತು. ಆದರೆ ಒಳಗೆ ನಡೆಯುವುದು ಬೇರೆ ಬೇರೆ, ಮತ್ತು ನನಗೆ ಬಹಳ ಇಷ್ಟವಾದ ಸಂಗತಿ ಅದೇ. ಸ್ಲೀವ್‌ನಲ್ಲಿ ಗ್ರೆಲಿನ್ ಹುಟ್ಟುವ ಆ ಗುಮ್ಮಟವೇ ಹೊರಟುಹೋಗುತ್ತದೆ. ಹಸಿವಿನ ಕರೆ ಮೆತ್ತಗಾಗುತ್ತದೆ. ಆಹಾರ ಕಿರಿದಾದ ಜಠರದಿಂದ ಬೇಗ ಬೇಗ ಕರುಳಿಗೆ ಜಾರುತ್ತದೆ. ಕರುಳು ‘ಊಟ ಬಂತು’ ಎಂಬ ತನ್ನದೇ ಹಾರ್ಮೋನುಗಳನ್ನು ಕಳಿಸಿ ಹೊಟ್ಟೆ ತುಂಬಿದ ಭಾವ ತರುತ್ತದೆ. ಹೊಲಿಗೆಯ ದಾರಿಯಲ್ಲಿ ಇದು ತಿರುವುಮುರುವು. ಗುಮ್ಮಟವನ್ನು ಸಾಮಾನ್ಯವಾಗಿ ಹೊಲಿಯದೆ ಬಿಡುತ್ತಾರೆ. ಅದರ ಕೆಳಗಿನ ಭಾಗ ಬಿಗಿಯಾಗಿರುವುದರಿಂದ ಆಹಾರ ಮೇಲೆಯೇ ತಂಗಿ ನಿಧಾನವಾಗಿ ಇಳಿಯುತ್ತದೆ. ಸ್ವಲ್ಪ ತಿಂದರೂ ಬಹಳ ಹೊತ್ತು ಹಸಿವಾಗದು.

ಹಾಗಾದರೆ ಯಾವುದು ಮೇಲು? ತೂಕವನ್ನಷ್ಟೇ ಅಳೆದರೆ ಶಸ್ತ್ರಚಿಕಿತ್ಸೆಗೇ ಗೆಲುವು. 100 ಕಿಲೋ ಇದ್ದವರು ಒಂದು ವರ್ಷದಲ್ಲಿ ಸಾಮಾನ್ಯವಾಗಿ 25ರಿಂದ 30 ಕಿಲೋ ಇಳಿಯುತ್ತಾರೆ. ಹೊಲಿಗೆಯ ದಾರಿಯನ್ನು ಅಮೆರಿಕದ ಒಂಬತ್ತು ಕೇಂದ್ರಗಳಲ್ಲಿ ಪರೀಕ್ಷಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಳಿಕೆ ಸರಾಸರಿ ನೂರಕ್ಕೆ 13.6ರಷ್ಟಿತ್ತು. ಹೊಲಿಗೆ ಇಲ್ಲದೆ ಊಟ–ವ್ಯಾಯಾಮದ ಸಲಹೆ ಮಾತ್ರ ಪಡೆದವರಲ್ಲಿ ಅದು ನೂರಕ್ಕೆ ಒಂದೂ ಆಗಲಿಲ್ಲ. ಆದರೆ ಸ್ಲೀವ್ ಆದ ಮೇಲೆ ಕೆಲವರಿಗೆ ಎದೆಯುರಿ ಹೊಸದಾಗಿ ಶುರುವಾಗುತ್ತದೆ. ಹೊಲಿಗೆಯಲ್ಲಿ ಆ ಕಾಟ ಕಡಿಮೆ. ರಕ್ತಸ್ರಾವ, ಸೋರಿಕೆಯಂಥ ಅಪಾಯಗಳು ಎರಡರಲ್ಲೂ ಅಪರೂಪಕ್ಕೆ ಆಗಬಹುದು. ಹಾಗಾಗಿ ಅತಿ ಹೆಚ್ಚು ತೂಕ, ತೀವ್ರ ಸಕ್ಕರೆ ಕಾಯಿಲೆ ಇದ್ದವರಿಗೆ ಶಸ್ತ್ರಚಿಕಿತ್ಸೆ, ಅಷ್ಟು ಬೇಡದವರಿಗೆ ಅಥವಾ ಕತ್ತರಿಗೆ ಅಂಜುವವರಿಗೆ ಹೊಲಿಗೆ ಸರಿಯೆಂದು ನನಗೆ ತೋರುತ್ತದೆ. ಯಾರಿಗೆ ಯಾವುದು ಎಂದು ವೈದ್ಯರು ಪರೀಕ್ಷಿಸಿಯೇ ಹೇಳಬೇಕು.

ಯಾವ ದಾರಿ ಹಿಡಿದರೂ ಮೊದಲ ವಾರಗಳಲ್ಲಿ ತಿಳಿಸಾರು, ನೀರುಮಜ್ಜಿಗೆ, ತೆಳು ಗಂಜಿ. ಆಮೇಲೆ ಮೆತ್ತನೆಯ ಊಟ. ಆಮೇಲೆಯೇ ಮುದ್ದೆ, ಚಪಾತಿ. ಸ್ಲೀವ್ ಆದವರಿಗೆ ವಿಟಮಿನ್ ಮಾತ್ರೆ ಜೀವನಪೂರ್ತಿ ಬೇಕು. ಬಿ12 ವಿಟಮಿನನ್ನು ಕರುಳು ಹೀರಿಕೊಳ್ಳಲು ಜಠರದ ಗೋಡೆ ಒಂದು ಪ್ರೋಟೀನನ್ನು ಮಾಡಿಕೊಡುತ್ತದೆ, ಆ ಗೋಡೆಯೇ ಬಹುಪಾಲು ಹೋಗಿರುತ್ತದಲ್ಲ! ನೀವಂತೂ ಬೆಳೆಯುವ ವಯಸ್ಸಿನವರು. ಇದನ್ನು ಓದಿ ಯಾರೂ ಊಟ ಬಿಡಬೇಡಿ.

ಕತ್ತರಿಸದೆಯೇ ಗ್ರೆಲಿನ್ ತಗ್ಗಿಸಲು ಆಗದೇ ಎಂದೂ ಕೆಲವು ವೈದ್ಯರು ಯೋಚಿಸಿದ್ದಾರೆ. ಎಂಡೋಸ್ಕೋಪಿನಿಂದಲೇ ಆ ಗುಮ್ಮಟದ ಒಳಪದರವನ್ನು ಮೆಲ್ಲಗೆ ಸುಡುವ ವಿಧಾನವನ್ನು ಹತ್ತು ಮಹಿಳೆಯರಲ್ಲಿ ಪ್ರಯತ್ನಿಸಿ, ಅಮೆರಿಕದ ವೈದ್ಯರು 2024ರಲ್ಲಿ ಫಲಿತಾಂಶ ಮುಂದಿಟ್ಟರು. ಆರು ತಿಂಗಳಲ್ಲಿ ಅವರ ತೂಕ ನೂರಕ್ಕೆ ಸುಮಾರು 8ರಷ್ಟು ಇಳಿದಿತ್ತು, ಗ್ರೆಲಿನ್ ಕೂಡ ಚೆನ್ನಾಗಿಯೇ ತಗ್ಗಿತ್ತು. ಹತ್ತೇ ಜನರ ಲೆಕ್ಕ ಇದು. ಇನ್ನೂ ನೂರಾರು ಜನರಲ್ಲಿ, ವರ್ಷಗಟ್ಟಲೆ ನೋಡಬೇಕಾಗಿದೆ.