ಶೋಲಾ ಅಂಚಿನ ಕಾಡುಗುಲಾಬಿ



ನೀಲಗಿರಿ, ಪಳನಿ ಬೆಟ್ಟಗಳ ಶೋಲಾ ಕಾಡಿನ ಅಂಚಿನಲ್ಲಿ ಪೊದೆಯಾಗಿ ಹಬ್ಬಿ, ಆಸರೆ ಸಿಕ್ಕರೆ ಮರವೇರುವ ಬಿಳಿ ಹೂವಿನ ಗುಲಾಬಿಯೊಂದಿದೆ. ಸಸ್ಯಶಾಸ್ತ್ರದಲ್ಲಿ ಅದು ರೋಸಾ ಲೆಷೆನಾಲ್ಟಿಯಾನಾ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ದಕ್ಷಿಣ ಭಾರತದ ಸಸ್ಯಗಳನ್ನು ಸಂಗ್ರಹಿಸಿದ ಫ್ರೆಂಚ್ ವಿಜ್ಞಾನಿ ಲೆಷೆನಾಲ್ಟ್ ಅವರ ಹೆಸರು.

ಹೂವಿಗೆ 5 ದಳ ಮಾತ್ರ. ಅಂಗಳದ ಗುಲಾಬಿಯ ದಳಗಳು ಹೆಚ್ಚಿರುವುದು ಬಹುಮಟ್ಟಿಗೆ ಕೇಸರಗಳೇ ದಳಗಳಾಗಿ ಮಾರ್ಪಟ್ಟಿದ್ದರಿಂದ. ನಾವು ಅಂದವೆನ್ನುವುದು ಜೇನ್ನೊಣಕ್ಕೆ ನಷ್ಟ! ಕಾಡುಗುಲಾಬಿಯಲ್ಲಿ ಕೇಸರಗಳು ಯಥಾವತ್ತಾಗಿದ್ದು, ಪರಾಗ ಸಮೃದ್ಧವಾಗಿದೆ. ಅವುಗಳ ನಡುವೆ ಶಲಾಕೆಗಳು ಒಂದೇ ಕಂಬವಾಗಿ ಕೂಡಿ ಮೇಲೆದ್ದಿರುತ್ತವೆ. ಗುರುತಿಸಲು ಇದು ಮುಖ್ಯ ಲಕ್ಷಣ. ನಿಂಬೆಯ ಮುಳ್ಳಿನಂತೆ ಇದರ ಮುಳ್ಳು ರೆಂಬೆಯ ರೂಪಾಂತರವಲ್ಲ. ಹೊರಪದರದ ಬೆಳವಣಿಗೆಯಾದ್ದರಿಂದ ಪಕ್ಕಕ್ಕೆ ಒತ್ತಿದರೆ ಕಳಚಿಬರುತ್ತದೆ.

ವ್ಯಾಟಲ್, ಸ್ಕಾಚ್ ಬ್ರೂಮ್‌ನಂತಹ ಪರದೇಶದ ಗಿಡಗಳನ್ನು ತೆಗೆಯುವುದು ಅವಶ್ಯ. ಆದರೆ ಮುಳ್ಳಿದ್ದುದೆಲ್ಲವೂ ಕಳೆಯೆಂದು ಕತ್ತಿ ಬೀಸುವವರನ್ನು ಕಂಡಿದ್ದೇನೆ. ಒಂದು ಕಾಲದಲ್ಲಿ ಅಂಚನ್ನು ಸವರಲು ಸಲಹೆಯಿತ್ತವರಲ್ಲಿ ನಾನೂ ಒಬ್ಬ. ಆ ಪೊದೆಯ ಮರೆಯಲ್ಲಿ ದನದ ಬಾಯಿಂದ ಪಾರಾಗಿ ಶೋಲಾ ಸಸಿಗಳು ಮೇಲೇಳುತ್ತವೆ.

ಹೂವಿಲ್ಲದ ಕಾಲದಲ್ಲಿ ಎಲೆ ನೋಡಿ: ಒಂದೇ ತೊಟ್ಟಿನಲ್ಲಿ ಸಾಮಾನ್ಯವಾಗಿ 5 ಅಥವಾ 7 ಕಿರುಎಲೆ, ತೊಟ್ಟಿನ ಬುಡಕ್ಕೆ ಎರಡೂ ಬದಿ ರೆಕ್ಕೆಯಂತೆ ಅಂಟಿದ ಕಾವಿನೆಲೆ. ಕಂಡರೆ ಕತ್ತಿಯನ್ನು ತಡೆಯಿರಿ.