ಬವೇರಿಯದ ಗಂಧರ್ವನಗರಗಳು



ಅಜ್ಜಿ ಹೇಳುವ ಕಥೆಯಲ್ಲಿ ಏಳು ಸಮುದ್ರಗಳಾಚೆ ಒಂದು ಅರಮನೆಯಿರುತ್ತದೆ. ಅದನ್ನು ಕಟ್ಟಿಸಿದವರು ಯಾರು, ಕಲ್ಲು ಹೊತ್ತವರು ಯಾರು, ಹಣವೆಲ್ಲಿಂದ ಬಂತು ಎಂದು ಕೇಳುವ ಪದ್ಧತಿಯಿಲ್ಲ. ಕೇಳಿದರೆ ಕಥೆ ಮುಂದೆ ಸಾಗುವುದಿಲ್ಲ. ಆದರೆ ಜರ್ಮನಿಯ ದಕ್ಷಿಣಕ್ಕಿರುವ ಬವೇರಿಯ ಸೀಮೆಯಲ್ಲಿ ಅಂತಹ ಕಥೆಯಿಂದಲೇ ಎದ್ದುಬಂದಂತೆ ಕಾಣುವ ಕೆಲವು ಅರಮನೆಗಳಿವೆ. ಅವುಗಳ ಮುಂದೆ ನಿಂತು ಈ ಪ್ರಶ್ನೆಗಳನ್ನು ಕೇಳಬಹುದು, ಉತ್ತರವೂ ದೊರೆಯುತ್ತದೆ. ಯೂರೋಪಿನಲ್ಲಿ ನಮಗೆ ದೊರೆತ ಮೂರು ದಿನಗಳ ಬಿಡುವಿನಲ್ಲಿ ಮ್ಯೂನಿಕ್ ನಗರದಲ್ಲಿ ಬಿಡಾರ ಮಾಡಿಕೊಂಡು ಅವುಗಳಲ್ಲಿ ಎರಡನ್ನು ನಾವು ನೋಡಿದೆವು.

ಮ್ಯೂನಿಕ್ಕಿನಿಂದ ರೈಲು ಸುಮಾರು ಎರಡು ಗಂಟೆಗಳಲ್ಲಿ ಫ್ಯೂಸೆನ್ ಎಂಬ ಊರನ್ನು ಸೇರುತ್ತದೆ. ಅಲ್ಲಿ ಬಯಲು ಮುಗಿದು ಆಲ್ಪ್ಸ್ ಪರ್ವತಗಳು ಒಮ್ಮೆಗೇ ಎದ್ದು ನಿಲ್ಲುತ್ತವೆ. ಬಸ್ಸಿನಲ್ಲಿ ಇನ್ನು ಸ್ವಲ್ಪ ದೂರ ಹೋದರೆ ಹೋಹೆನ್‌ಶ್ವಾಂಗೌ ಗ್ರಾಮ. ಅದರ ಮೇಲ್ಗಡೆ ಕಡಿದಾದ ಬಂಡೆಯೊಂದರ ನೆತ್ತಿಯಲ್ಲಿ, ಬಿಳಿಯ ಗೋಡೆ, ನೀಳವಾದ ಗೋಪುರಗಳೊಡನೆ ನಿಂತಿರುವುದೇ ನಾಯ್‌ಶ್ವಾನ್‌ಸ್ಟೈನ್ ಅರಮನೆ. ಕಾಲ್ನಡಿಗೆಯಲ್ಲಿ ಮುಕ್ಕಾಲು ಗಂಟೆಯ ಏರು. ಬೇಕಾದವರಿಗೆ ಕುದುರೆಗಾಡಿಯೂ ಉಂಟು. ಅರಮನೆಯ ಹಿಂದಿನ ಕಂದರದ ಮೇಲೆ ಸುಮಾರು 90 ಮೀಟರು ಎತ್ತರದಲ್ಲಿ ಒಂದು ಸೇತುವೆ ಹಾದುಹೋಗಿದೆ. ಅದರ ನಡುವೆ ನಿಂತು ನೋಡಿದರೆ ಅರಮನೆ, ಸರೋವರಗಳು, ಬಯಲು ಎಲ್ಲವೂ ಒಂದೇ ಚಿತ್ರವಾಗಿ ಕಾಣುತ್ತವೆ. ಕಾಲಡಿಯಲ್ಲಿ ಧುಮ್ಮಿಕ್ಕುವ ನೀರಿನ ಸದ್ದು ಮಾತ್ರ ಇದು ಚಿತ್ರವಲ್ಲವೆಂದು ಎಚ್ಚರಿಸುತ್ತಿರುತ್ತದೆ.

ನೋಡಿದವರು ಇದನ್ನು ಎಂಟುನೂರು ವರ್ಷಗಳ ಹಳೆಯ ಕೋಟೆಯೆಂದು ನಂಬಬೇಕು. ಕಟ್ಟಿಸಿದ ದೊರೆಯ ಅಪೇಕ್ಷೆಯೂ ಅದೇ. ವಾಸ್ತವವಾಗಿ ಇದಕ್ಕೆ ಅಸ್ತಿಭಾರದ ಕಲ್ಲನ್ನಿಟ್ಟದ್ದು 1869ರಲ್ಲಿ. ಆ ವೇಳೆಗೆ ಕೋಟೆಗಳಿಂದ ಯುದ್ಧಕ್ಕೆ ಪ್ರಯೋಜನವಿರಲಿಲ್ಲ. ಇದರ ಮೊದಲ ನಕ್ಷೆಗಳನ್ನು ಬರೆದ ಕ್ರಿಸ್ಟಿಯನ್ ಯಾಂಕನು ನಾಟಕರಂಗಕ್ಕೆ ಪರದೆಗಳನ್ನು ಚಿತ್ರಿಸುತ್ತಿದ್ದವನು. ಹೊರಗೆ ಕಾಣುವ ಸುಣ್ಣಕಲ್ಲಿನ ಹೊದಿಕೆಯ ಒಳಗಿರುವುದು ಇಟ್ಟಿಗೆ. ಸಾಮಾನುಗಳನ್ನು ಮೇಲೆತ್ತಲು ಉಗಿಯಂತ್ರವಿತ್ತು. ಒಳಗೆ ಕೊಠಡಿಗಳನ್ನು ಬೆಚ್ಚಗಿಡಲು ಬಿಸಿಗಾಳಿಯ ಏರ್ಪಾಡು, ಕೊಳಾಯಿ ನೀರು, ಸೇವಕರನ್ನು ಕರೆಯಲು ವಿದ್ಯುತ್ ಗಂಟೆ, ಟೆಲಿಫೋನು ಕೂಡ ಇದ್ದುವು. ಪುರಾತನದ ವೇಷವನ್ನು ತೊಟ್ಟ ನೂತನವೇ ನಾಯ್‌ಶ್ವಾನ್‌ಸ್ಟೈನ್.

ಈ ವೇಷವೇಕೆ? ಇದನ್ನು ಕಟ್ಟಿಸಿದ ಎರಡನೆಯ ಲುಡ್ವಿಗ್ ದೊರೆಯು 1864ರಲ್ಲಿ ಪಟ್ಟಕ್ಕೆ ಬಂದಾಗ ಹದಿನೆಂಟು ವರ್ಷದ ತರುಣ. ಎರಡೇ ವರ್ಷಗಳಲ್ಲಿ, 1866ರ ಯುದ್ಧದಲ್ಲಿ, ಆತನ ರಾಜ್ಯವು ಪ್ರಷ್ಯಕ್ಕೆ ಸೋತಿತು; 1871ರಲ್ಲಿ ಜರ್ಮನ್ ಸಾಮ್ರಾಜ್ಯದ ಒಂದು ಅಂಗವಾಯಿತು. ಸಿಂಹಾಸನ ಉಳಿಯಿತು, ಸ್ವಾತಂತ್ರ್ಯ ಉಳಿಯಲಿಲ್ಲ. ಆಳಲು ರಾಜ್ಯವು ಕಿರಿದಾದಂತೆಲ್ಲ ಆತನು ಕಲ್ಲಿನಲ್ಲಿಯೂ ಬಣ್ಣದಲ್ಲಿಯೂ ಬೇರೆ ರಾಜ್ಯಗಳನ್ನು ಕಟ್ಟತೊಡಗಿದನು. ಮ್ಯೂನಿಕ್ಕಿನ ಅರಮನೆಯ ಮಾಳಿಗೆಯ ಮೇಲೆ ಗಾಜಿನ ಚಾವಣಿಯ ಒಂದು ತೋಟವನ್ನು ಮಾಡಿಸಿ, ಅಲ್ಲಿನ ಕೊಳದ ಹಿಂದೆ ನಮ್ಮ ಹಿಮಾಲಯವನ್ನು ಪರದೆಯಾಗಿ ಬರೆಯಿಸಿದ್ದನು! ಆ ತೋಟವನ್ನು 1897ರಲ್ಲಿ ಕೆಡವಿಬಿಟ್ಟರು.

ನಾಯ್‌ಶ್ವಾನ್‌ಸ್ಟೈನಿನ ಒಳಗನ್ನು ನೋಡಲು ಚೀಟಿಯಲ್ಲಿ ನಮೂದಿಸಿದ ವೇಳೆಗೆ ಸರಿಯಾಗಿ ಹಾಜರಾಗಬೇಕು. ಮಾರ್ಗದರ್ಶಕರು ಅರ್ಧ ಗಂಟೆಯಲ್ಲಿ ತೋರಿಸಿ ಮುಗಿಸುತ್ತಾರೆ. ಇನ್ನೂರಕ್ಕೆ ಮೀರಿದ ಕೋಣೆಗಳ ಯೋಜನೆಯಲ್ಲಿ ಪೂರ್ಣವಾದುವು ಸುಮಾರು ಹದಿನೈದು. ಸಿಂಹಾಸನ ಶಾಲೆಯಲ್ಲಿ ಚಿನ್ನದ ಕಾಂತಿಯಿದೆ, ಅಮೃತಶಿಲೆಯ ಮೆಟ್ಟಿಲುಗಳಿವೆ, ಮೆಟ್ಟಿಲ ಮೇಲೆ ಸಿಂಹಾಸನವಿಲ್ಲ. ಅದು ಬರುವುದಕ್ಕೆ ಮುಂಚೆಯೇ ದೊರೆ ತೀರಿಕೊಂಡನು. ಮೇಲಿನ ಗಾಯನಶಾಲೆಯಲ್ಲಿ ಆತನ ಕಾಲದಲ್ಲಿ ಒಂದು ಕಛೇರಿಯೂ ನಡೆಯಲಿಲ್ಲ. ದೊರೆಯು ಈ ಅರಮನೆಯಲ್ಲಿ ಒಟ್ಟು ವಾಸಮಾಡಿದ್ದು 172 ದಿನಗಳು ಮಾತ್ರ.

ಮರುದಿನ ನಾವು ನೋಡಿದ್ದು ಲಿಂಡರ್‌ಹೋಫ್. ಆತನ ದೊಡ್ಡ ಅರಮನೆಗಳಲ್ಲಿ ಆತನು ಕಣ್ಣಾರೆ ಪೂರ್ತಿಯಾಗಿ ಕಂಡದ್ದು ಈ ಚಿಕ್ಕದನ್ನು ಮಾತ್ರ. ಕಾಡುಬೆಟ್ಟಗಳ ನಡುವಣ ಕಣಿವೆಯಲ್ಲಿ ಕಾರ್ಲ್ ಫಾನ್ ಎಫ್ನರ್ ಎಂಬ ಉದ್ಯಾನಶಿಲ್ಪಿಯು ನಿರ್ಮಿಸಿದ ತೋಟ ಇದನ್ನು ಸುತ್ತುವರಿದಿದೆ. ಅರಮನೆಯ ಮುಂದೆ ಚಿನ್ನದ ಲೇಪದ ಪ್ರತಿಮೆಗಳ ನಡುವಿನಿಂದ ಕಾರಂಜಿಯು ಇಪ್ಪತ್ತು ಮೀಟರುಗಳಿಗೂ ಎತ್ತರಕ್ಕೆ ಚಿಮ್ಮುತ್ತದೆ. ಹಿಂದೆ ಅಮೃತಶಿಲೆಯ ಮೂವತ್ತು ಮೆಟ್ಟಿಲುಗಳ ಮೇಲೆ ನೀರು ಜಾರಿ ಇಳಿಯುತ್ತದೆ. ಗೆರೆಯೆಳೆದಂತಿರುವ ಈ ತೋಟದಲ್ಲಿ ಒಂದು ಕಡೆ ಮುದಿ ಲಿಂಡೆನ್ ಮರವೊಂದು ಎಲ್ಲ ಸಮತೆಯನ್ನೂ ಕೆಡಿಸಿ ನಿಂತಿದೆ. ಅದನ್ನು ಕಡಿಸದೆ ಉಳಿಸಿದ ಕಾರಣಕ್ಕೆ ನಮಗೆ ದೊರೆಯ ಮೇಲೆ ವಿಶ್ವಾಸ ಹುಟ್ಟಿತು. ತೋಟದ ಮೇಲಣ ಕೃತಕ ಗುಹೆಯೊಂದರಲ್ಲಿ ಕೊಳವಿದೆ, ಶಂಖಾಕೃತಿಯ ದೋಣಿಯಿದೆ. ಅಲ್ಲಿ ಬಣ್ಣಬಣ್ಣದ ಬೆಳಕನ್ನು ಚೆಲ್ಲಲು 1878ರಲ್ಲಿಯೇ 24 ಡೈನಮೊಗಳನ್ನು ಹೂಡಿದ್ದರು. ಅನೇಕ ವರ್ಷಗಳ ದುರಸ್ತಿಯ ತರುವಾಯ ಈ ಗುಹೆಯನ್ನು 2025ರಲ್ಲಿ ಮತ್ತೆ ತೆರೆದಿದ್ದಾರೆ.

ಇಲ್ಲಿ ದೊರೆಯ ಭೋಜನದ ಮೇಜು ಯಂತ್ರದ ಸಹಾಯದಿಂದ ಕೆಳಗಣ ಕೋಣೆಗೆ ಇಳಿದು, ಬಡಿಸಿದ ತಟ್ಟೆಗಳೊಡನೆ ಮೇಲಕ್ಕೆ ಬರುತ್ತಿತ್ತು. ಬಡಿಸುವವರ ಮುಖವನ್ನೂ ನೋಡಬಾರದೆಂಬ ಏರ್ಪಾಡು ಅದು. ಇಷ್ಟೊಂದು ಸೌಂದರ್ಯವನ್ನು ಸೃಷ್ಟಿಸಿ ಅದನ್ನು ಒಬ್ಬನೇ ಕುಳಿತು ಉಣ್ಣುವುದೆಂದರೆ ಎಂತಹ ಹಸಿವು, ಎಂತಹ ಉಪವಾಸ!

ಹಣದ ಪ್ರಶ್ನೆಗೆ ಉತ್ತರ ಹೀಗಿದೆ. ದೊರೆಯು ಬೊಕ್ಕಸವನ್ನು ಬರಿದುಮಾಡಿದನೆಂಬ ಮಾತು ಸರಿಯಲ್ಲ. ತನ್ನ ಸ್ವಂತ ವರಮಾನದಿಂದಲೂ ಸಾಲದಿಂದಲೂ ಕಟ್ಟಿಸಿದನು. ಆದರೆ ಸಾಲವು ಹದಿನಾಲ್ಕು ಮಿಲಿಯ ಮಾರ್ಕುಗಳಿಗೆ ಏರಿತು. ಆದರೂ ಕಟ್ಟಡಗಳು ನಿಲ್ಲಲಿಲ್ಲ. 1886ರ ಜೂನಿನಲ್ಲಿ ನಾಲ್ವರು ವೈದ್ಯರು ದೊರೆಯನ್ನು ಖುದ್ದಾಗಿ ಪರೀಕ್ಷಿಸದೆ, ಸೇವಕರು ಮೊದಲಾದವರ ಹೇಳಿಕೆಗಳಿಂದಲೇ, ಆತನಿಗೆ ಬುದ್ಧಿಭ್ರಮಣೆಯೆಂದು ಬರೆದುಕೊಟ್ಟರು. ಆತನನ್ನು ಪದಚ್ಯುತನನ್ನಾಗಿ ಮಾಡಿ ನಾಯ್‌ಶ್ವಾನ್‌ಸ್ಟೈನಿನಿಂದ ಕರೆದೊಯ್ದರು. ಜೂನ್ 13ರ ರಾತ್ರಿ ಷ್ಟಾರ್ನ್‌ಬೆರ್ಗ್ ಸರೋವರದಲ್ಲಿ ದೊರೆಯ ಶವವೂ, ಆ ವೈದ್ಯರಲ್ಲಿ ಮುಖ್ಯನಾದ ಗುಡ್ಡೆನ್‌ನ ಶವವೂ ದೊರೆತುವು. ಅದು ಹೇಗಾಯಿತೆಂಬುದು ಇಂದಿಗೂ ಇತ್ಯರ್ಥವಾಗಿಲ್ಲ. ದೊರೆಗೆ ಆಗ ನಲವತ್ತು ವರ್ಷ.

ಆ ಮೇಲೆ ನಡೆದುದು ವಿಚಿತ್ರ. ಏಳು ವಾರಗಳು ಕಳೆಯುವಷ್ಟರಲ್ಲಿ, ಆಗಸ್ಟ್ 1ರಂದು, ನಾಯ್‌ಶ್ವಾನ್‌ಸ್ಟೈನಿನ ಬಾಗಿಲನ್ನು ಹಣ ಕೊಟ್ಟು ಬರುವವರಿಗೆಲ್ಲ ತೆರೆದರು. ಯಾರ ಕಣ್ಣಿಗೂ ಬೀಳಬಾರದೆಂದು ಕಟ್ಟಿಸಿದ ಮನೆಗೆ ಈಗ ವರ್ಷಕ್ಕೆ ಹತ್ತು ಲಕ್ಷಕ್ಕೂ ಮೀರಿದ ಜನ ಬರುತ್ತಾರೆ. ಕಟ್ಟಡಗಳ ಸಾಲವು 1899ರ ವೇಳೆಗೆ ತೀರಿತು. 2025ರಲ್ಲಿ ಯುನೆಸ್ಕೊ ಸಂಸ್ಥೆಯು ಈ ದೊರೆಯ ನಾಲ್ಕು ಅರಮನೆಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಅರಸನನ್ನು ಕೆಡಿಸಿದ ಕಲ್ಲುಗಳೇ ಇಂದು ಆ ಸೀಮೆಯ ಹೋಟೆಲಿನವನಿಗೂ ಗಾಡಿಯವನಿಗೂ ಅನ್ನವನ್ನು ಕೊಡುತ್ತಿವೆ.

ಇದರಿಂದ ಸಾಲಮಾಡಿ ಅರಮನೆ ಕಟ್ಟಿಸುವುದೇ ವಿವೇಕವೆಂದು ನಾವು ಹೇಳುವುದಿಲ್ಲ. ಜರ್ಮನಿಯವನೇ ಆದ ಇನ್ನೊಬ್ಬನು ನಮಗೆ ಇಲ್ಲಿ ನೆನಪಾಗುತ್ತಾನೆ. ಸ್ಯಾಕ್ಸನಿಯಲ್ಲಿ 1865ರಲ್ಲಿ ಹುಟ್ಟಿದ ಕೃಂಬಿಗಲ್ಲನು 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಲಾಲ್‌ಬಾಗನ್ನು ಬೆಳೆಸಿದನು. ಬೆಂಗಳೂರಿನ ಬೀದಿಗಳಲ್ಲಿ ಹೂಮರಗಳ ಸಾಲನ್ನು ನೆಡಿಸಿದನು. ಆತನ ಮರದ ನೆರಳು ಮೊದಲ ದಿನದಿಂದಲೂ ದಾರಿಹೋಕನದು. ಲುಡ್ವಿಗ್ ದೊರೆಯ ತೋಟವು ದಾರಿಹೋಕನದಾಗಬೇಕಾದರೆ ದೊರೆಯೇ ಸಾಯಬೇಕಾಯಿತು. ಎರಡು ತೋಟಗಳಲ್ಲಿಯೂ ಹೂವಿನ ಚೆಲುವು ಒಂದೇ; ಬಾಗಿಲಲ್ಲಿ ಮಾತ್ರ ವ್ಯತ್ಯಾಸ.

ಗಂಧರ್ವನಗರವು ಮೋಡಗಳಲ್ಲಿ ಕಂಡು ಕ್ಷಣದಲ್ಲಿ ಕರಗುವುದೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಬವೇರಿಯದಲ್ಲಿ ಅದು ಕರಗದೆ ನಿಂತಿದೆ. ಕರಗಿಹೋದವನು ಅದನ್ನು ಕಂಡವನು. ಅಲ್ಲಿಗೆ ಹೋಗುವ ನಮ್ಮವರು ಗೋಪುರಗಳನ್ನು ನೋಡಿ ಸಂತೋಷಪಡಲಿ. ಜೊತೆಗೆ ಸಿಂಹಾಸನವಿಲ್ಲದ ಆ ಮೆಟ್ಟಿಲುಗಳ ಮುಂದೆಯೂ ಒಂದು ಗಳಿಗೆ ನಿಲ್ಲಲಿ ಎಂಬುದೇ ನಮ್ಮ ಬಿನ್ನಹ.