ಮೊದಲು ದುಡ್ಡು, ಆಮೇಲೆ ಹಬ್ಬ



ಯುಗಾದಿಯ ಮಾರನೆಯ ದಿನ, ಹೊಸತೊಡಕಿನ ಬೆಳಗಿನ ಜಾವ, ಬೆಂಗಳೂರಿನ ಮೈಸೂರು ರಸ್ತೆಯ ಮಟನ್ ಅಂಗಡಿಗಳ ಮುಂದೆ ಸಾಲು ಎಷ್ಟುದ್ದ ಇರುತ್ತದೆ ಎಂದು ಟಿ.ವಿ.ಯವರು ಪ್ರತಿ ವರ್ಷ ತೋರಿಸುತ್ತಾರೆ. ಆ ಸಾಲಿನಲ್ಲಿ ನಿಲ್ಲದವರ ಮಾತು ಯಾರೂ ಎತ್ತುವುದಿಲ್ಲ. ವಿಜಯನಗರದಿಂದ ಕೆಂಗೇರಿಯವರೆಗೆ ಎಷ್ಟೋ ಬೀದಿಗಳಲ್ಲಿ ಅವರ ಪಾಲಿನ ಮಾಂಸಕ್ಕೆ ಹಿಂದಿನ ಯುಗಾದಿಯಿಂದಲೇ ದುಡ್ಡು ಕಟ್ಟಿ ಆಗಿರುತ್ತದೆ. ಅದೇ ಹಬ್ಬದ ಚೀಟಿ.

ಚೀಟಿ ಗೊತ್ತಿಲ್ಲದ ವಿದ್ಯಾರ್ಥಿಗಳು ಇಲ್ಲಿ ಇರಬಹುದು, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬೀದಿಯಲ್ಲಿ ನಾಲ್ಕು ಜನರ ನಂಬಿಕೆ ಇರುವ ಒಬ್ಬರು, ಟೈಲರೋ ಗ್ಯಾರೇಜಿನವರೋ, ಒಂದು ನೋಟ್‌ಬುಕ್ ಇಟ್ಟುಕೊಂಡು ತಿಂಗಳು ತಿಂಗಳು ಇನ್ನೂರು ಮುನ್ನೂರು ವಸೂಲಿ ಮಾಡುತ್ತಾರೆ. ಕೂಡಿದ ಹಣವನ್ನು ಸದಸ್ಯರಿಗೇ ಬಡ್ಡಿಗೆ ಕೊಡುವುದೂ ಉಂಟು. ಹಬ್ಬ ಹತ್ತಿರ ಬಂದಾಗ ಸಂತೆಯಿಂದ ಕುರಿ ತರುತ್ತಾರೆ, ಕಡಿಸುತ್ತಾರೆ, ಎಲ್ಲರ ಕಣ್ಣೆದುರಿಗೇ ಗುಡ್ಡೆ ಹಾಕುತ್ತಾರೆ. ಯಾವ ಗುಡ್ಡೆಗೆ ಮೂಳೆ ಹೆಚ್ಚು ಬಿತ್ತು, ಈಲಿ ಯಾರ ಪಾಲಿಗೆ ಹೋಯಿತು ಎಂಬ ತಕರಾರು ಇದ್ದೇ ಇರುತ್ತದೆ. ತಕರಾರಿಲ್ಲದ ಗುಡ್ಡೆಯೂ ಒಂದು ಗುಡ್ಡೆಯೇ ಎನ್ನುವವರನ್ನು ನಾನು ಬಲ್ಲೆ. ಮಾಂಸ ತಿನ್ನದ ಮನೆಗಳಿಗೆ ಬೇಳೆ, ಬೆಲ್ಲ, ಎಣ್ಣೆಯ ಚೀಟಿ ಬೇರೆ.

ನಮ್ಮಂಥ ಲೆಕ್ಕದವರು ಇದನ್ನು ನೋಡಿ ಮೂಗು ಮುರಿಯುತ್ತೇವೆ. ನೋಂದಣಿ ಇಲ್ಲ, ರಸೀದಿ ಇಲ್ಲ, ಬ್ಯಾಂಕಿನ ಆರ್.ಡಿ.ಯಲ್ಲಿ ಇಟ್ಟಿದ್ದರೆ ಬಡ್ಡಿಯೂ ಭದ್ರತೆಯೂ ಇರುತ್ತಿತ್ತಲ್ಲ ಎನ್ನುತ್ತೇವೆ. ಮಾತು ನಿಜ. ಚೀಟಿ ನಡೆಸುತ್ತಿದ್ದವರು ಹಬ್ಬದ ಮುಂಚೆ ಮನೆಗೆ ಬೀಗ ಹಾಕಿಕೊಂಡು ಹೋದ ಸುದ್ದಿಗಳನ್ನು ನೀವೂ ಓದಿದ್ದೀರಿ. ಹೀಗಿದ್ದೂ ಜನ ಯಾಕೆ ಕಟ್ಟುತ್ತಾರೆ ಎಂದು ಕೇಳಿದರೆ 'ಅಜ್ಞಾನ' ಎಂಬ ಉತ್ತರ ಸಲೀಸಾಗಿ ಬರುತ್ತದೆ. ನನಗೆ ಅದು ಒಪ್ಪಿಗೆಯಿಲ್ಲ.

1998ರಲ್ಲಿ ಡ್ರೇಜನ್ ಪ್ರೆಲೆಕ್ ಮತ್ತು ಜಾರ್ಜ್ ಲೋವನ್‌ಸ್ಟೈನ್ ಎಂಬ ಇಬ್ಬರು ವಿದ್ವಾಂಸರು ಅಮೆರಿಕದಲ್ಲಿ ಒಂದು ಸಾದಾ ಪ್ರಶ್ನೆ ಕೇಳಿದರು. ಪ್ರವಾಸಕ್ಕೊಂದು ಖರ್ಚು, ಬಟ್ಟೆ ಒಗೆಯುವ ಯಂತ್ರಕ್ಕೊಂದು ಖರ್ಚು. ಎರಡಕ್ಕೂ ಮೊತ್ತ ಒಂದೇ. ಆರು ತಿಂಗಳು ಕಂತು ಕಟ್ಟಬೇಕು, ಮೊದಲೇ ಕಟ್ಟುತ್ತೀರೋ ಆಮೇಲೆ ಕಟ್ಟುತ್ತೀರೋ? ಹೆಚ್ಚಿನವರು ಪ್ರವಾಸಕ್ಕೆ ಮೊದಲೇ ಕಟ್ಟುತ್ತೇವೆ, ಯಂತ್ರಕ್ಕೆ ಬಂದ ಮೇಲೆ ಕಟ್ಟುತ್ತೇವೆ ಎಂದರು. ಬಡ್ಡಿಯ ಲೆಕ್ಕದಲ್ಲಿ ಎರಡನ್ನೂ ಆಮೇಲೆ ಕಟ್ಟುವುದೇ ಲಾಭ. ಆದರೆ ಸಾಲ ತಲೆಯ ಮೇಲಿದ್ದರೆ ಸಂತೋಷದ ರುಚಿ ಕೆಡುತ್ತದೆ. ಯಂತ್ರವಾದರೆ ಕಂತು ಮುಗಿಯುವವರೆಗೂ ಬಟ್ಟೆ ಒಗೆಯುತ್ತಲೇ ಇರುತ್ತದೆ, ಕಟ್ಟುವಾಗ ಕೈ ಹಿಂದೆಗೆಯುವುದಿಲ್ಲ.

ನಮ್ಮ ಬೀದಿಯವರು ಮಾಡುತ್ತಿದ್ದುದೂ ಇದನ್ನೇ. ಹೊಸತೊಡಕಿಗೆ ಚೀಟಿ, ಫ್ರಿಜ್ಜಿಗೆ ಕಂತು. ಈಗ ಕೆಟ್ಟಿರುವುದು ಈ ಕ್ರಮ. ಮದುವೆಗೆ ಪರ್ಸನಲ್ ಲೋನ್, ಮದುವೆಯಾದ ಮೇಲಿನ ಪ್ರವಾಸಕ್ಕೆ ಇ.ಎಂ.ಐ., ಹುಟ್ಟುಹಬ್ಬದ ಊಟಕ್ಕೆ ಕ್ರೆಡಿಟ್ ಕಾರ್ಡ್. ಊಟ ಅರಗಿ ಹೋಗಿರುತ್ತದೆ, ಬಿಲ್ಲು ಮಾತ್ರ ಮುಂದಿನ ತಿಂಗಳು ಬರುತ್ತದೆ. ರಾಜಾಜಿನಗರದ ಮಾಲ್‌ಗಳನ್ನು ಬೈಯುವುದು ನನ್ನ ಉದ್ದೇಶವಲ್ಲ. ಅಲ್ಲಿಯ ತಂಪಿನಲ್ಲಿ ಏನೂ ಕೊಳ್ಳದೆ ಸುತ್ತಾಡಿ ಬರುವವರ ಸಂಖ್ಯೆ ದೊಡ್ಡದು, ಅವರ ಖುಷಿಯನ್ನು ನಮ್ಮ ಯಾವ ಕೋಷ್ಟಕವೂ ಹಿಡಿದಿಲ್ಲ.

ಚೀಟಿಯಲ್ಲಿ ಇನ್ನೊಂದು ಅಂಶವಿದೆ, ಜೊತೆಗಾರರು. ಎಲಿಜಬೆತ್ ಡನ್, ಲಾರಾ ಅಕ್ನಿನ್, ಮೈಕೆಲ್ ನಾರ್ಟನ್ 2008ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗ ನಿಮ್ಮಲ್ಲಿ ಹಲವರಿಗೆ ಗೊತ್ತು. ಬೆಳಿಗ್ಗೆ 5 ಅಥವಾ 20 ಡಾಲರ್ ಇದ್ದ ಲಕೋಟೆ ಕೊಟ್ಟು, ಸಂಜೆಯೊಳಗೆ ಕೆಲವರು ತಮಗಾಗಿ, ಕೆಲವರು ಬೇರೆಯವರಿಗಾಗಿ ಖರ್ಚು ಮಾಡಬೇಕೆಂದರು. ಬೇರೆಯವರಿಗೆ ಖರ್ಚು ಮಾಡಿದವರು ಸಂಜೆ ಹೆಚ್ಚು ಖುಷಿಯಾಗಿದ್ದರು. ಮೊತ್ತ ಐದೋ ಇಪ್ಪತ್ತೋ ಎಂಬುದು ಲೆಕ್ಕಕ್ಕೆ ಬರಲಿಲ್ಲ. ಭಾಗವಹಿಸಿದವರು 46 ಮಂದಿ ಮಾತ್ರ ಎಂಬುದನ್ನು ಮರೆಯಬಾರದು.

ನನಗೆ ಅದಕ್ಕಿಂತ ಹತ್ತಿರವೆನಿಸುವುದು ವಿಜಯೇಂದ್ರ ರಾವ್ ಅವರು ಕರ್ನಾಟಕದ ಹಳ್ಳಿಗಳ ಕುಂಬಾರ ಕುಟುಂಬಗಳ ನಡುವೆ ನಡೆಸಿ, 2001ರಲ್ಲಿ ಪ್ರಕಟಿಸಿದ ಅಧ್ಯಯನ. ಇಷ್ಟು ಬಡತನದಲ್ಲೂ ಹಬ್ಬಕ್ಕೆ ಯಾಕಿಷ್ಟು ಸುರಿಯುತ್ತಾರೆ ಎಂಬುದು ಅವರ ಪ್ರಶ್ನೆ. ಹಬ್ಬಕ್ಕೆ ಹೆಚ್ಚು ಖರ್ಚು ಮಾಡಿದ ಮನೆಗಳಿಗೆ ಊರಿನಲ್ಲಿ ಮರ್ಯಾದೆ ಹೆಚ್ಚು, ಊಟದ ಕರೆ ಹೆಚ್ಚು, ದಿನಸಿ ಕೂಡ ಸ್ವಲ್ಪ ಅಗ್ಗಕ್ಕೆ ಸಿಗುತ್ತಿತ್ತು ಎಂದು ಅವರು ಕಂಡರು. ದುಂದು ಎಂದು ನಾವು ಬರೆದಿಟ್ಟ ಕಾಲಮ್ಮಿನಲ್ಲಿ ಅವರ ಬಂಡವಾಳ ಕೂತಿತ್ತು. ಹಾಗೆಂದು ಸಾಲ ಮಾಡಿ ಮದುವೆ ಮಾಡುವುದನ್ನು ಯಾರೂ ಇದರಿಂದ ಸಮರ್ಥಿಸಿಕೊಳ್ಳಬೇಡಿ. ಮರ್ಯಾದೆ ಕೊಳ್ಳುವ ಖರ್ಚಿಗೆ ಮಿತಿ ಹಾಕುವವರು ನೆರೆಯವರು, ನಾವಲ್ಲ. ಅವರು ಏರಿಸಿದಷ್ಟೂ ನಾವೂ ಏರಿಸಬೇಕಾಗುತ್ತದೆ.

ಖರ್ಚು ಮಾಡಿ ನಿಜಕ್ಕೂ ಕೊಂಡದ್ದೇನು ಎಂಬ ಈ ಮಾತು ನಗರಕ್ಕೆ ಎಷ್ಟು ಹೊಂದುತ್ತದೆ? ಕೆಂಗೇರಿ ಉಪನಗರದಲ್ಲಿ ದೊಡ್ಡ ಮನೆ ಕೊಂಡು ದಿನಾ ಊರಾಚೆಗಿನ ಆಫೀಸಿಗೆ ಹೋಗುವವರು ಕೊಂಡದ್ದು ಮನೆಯನ್ನೋ, ಪ್ರಯಾಣವನ್ನೋ? 2021ರ ಆಗಸ್ಟ್‌ನಲ್ಲಿ ಮೆಟ್ರೊ ಕೆಂಗೇರಿಗೆ ಬಂದಾಗ ಅವರ ಕೈಗೆ ಬಂದದ್ದು ಸಮಯ. ಆ ಸಮಯ ಎಲ್ಲಿ ಹೋಯಿತು? 2023ರ ಜೂನ್ 11ರಿಂದ 'ಶಕ್ತಿ' ಯೋಜನೆಯಲ್ಲಿ ಬಸ್ ಚಾರ್ಜು ಉಳಿಸಿದ ಬಸವೇಶ್ವರನಗರದ ಮನೆಗೆಲಸದ ಹೆಣ್ಣುಮಗಳು ಆ ಉಳಿಕೆಯನ್ನು ಮಗಳ ಟ್ಯೂಷನ್ನಿಗೆ ಹಾಕಿದಳೋ, ಅಕ್ಕನ ಊರಿಗೆ ಹೋಗಿ ಬಂದಳೋ? ಇವುಗಳನ್ನು ಇಲ್ಲಿಯ ವಿದ್ಯಾರ್ಥಿಗಳು ನಡೆದು ಹೋಗಿ ಕೇಳಿ ಬರಬಹುದು.

2022–23ರ ರಾಷ್ಟ್ರೀಯ ಕುಟುಂಬ ಬಳಕೆ ವೆಚ್ಚ ಸಮೀಕ್ಷೆ ನಮ್ಮ ದೇಶದ ನಗರವಾಸಿ ತಿಂಗಳಿಗೆ ಸರಾಸರಿ 6,459 ರೂಪಾಯಿ ಖರ್ಚು ಮಾಡುತ್ತಾನೆ, ಅದರಲ್ಲಿ ಶೇ. 39ರಷ್ಟು ಆಹಾರಕ್ಕೆ ಎಂದು ಹೇಳಿತು. ಒಳ್ಳೆಯ ಸಮೀಕ್ಷೆ. ಆದರೆ ಯಾರ ಜೊತೆ ತಿಂದಿರಿ, ಮೊದಲೇ ಕಟ್ಟಿದ್ದಿರಾ ಅಥವಾ ಇನ್ನೂ ಕಟ್ಟುತ್ತಿದ್ದೀರಾ, ಮತ್ತೊಮ್ಮೆ ಅದೇ ಖರ್ಚು ಮಾಡುತ್ತೀರಾ ಎಂದು ಅದು ಕೇಳುವುದಿಲ್ಲ. ಈ 3 ಪ್ರಶ್ನೆಗಳನ್ನು ಸೇರಿಸಿ ನಿಮ್ಮ ವಾರ್ಡಿನ ಒಂದು ಬೀದಿಯಲ್ಲಿ ಲೆಕ್ಕ ತೆಗೆಯಿರಿ ಎಂಬುದೇ ಈ ವಿಚಾರ ಸಂಕಿರಣದ ಮುಂದೆ ನಾನು ಇಡುವ ಕೋರಿಕೆ. ಗೋಷ್ಠಿಗಳ ಪಟ್ಟಿಯಲ್ಲಿ ಇ.ಎಂ.ಐ. ಬಗ್ಗೆ ಪ್ರಬಂಧಗಳಿವೆ, ಯು.ಪಿ.ಐ. ಬಗ್ಗೆಯೂ ಇವೆ, ಚೀಟಿಯ ಬಗ್ಗೆ ಒಂದೂ ಇಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ಯಾರಾದರೂ ಅದಕ್ಕೆ ಹೆಸರು ಕೊಟ್ಟರೆ, ಸಂಘಟಕರು ಸಂಜೆಯ ಗೋಷ್ಠಿಯಲ್ಲಿ ಹದಿನೈದು ನಿಮಿಷ ಮಾಡಿಕೊಡಲಿ.